ಮಾರಲೂ ಒಪ್ಪುವ ರೇಟು ಯಾವುದೋ, ಅದನ್ನೇ ಹೇಳಿ

ಪ್ರಶ್ನೆ: ನನಗೆ 46 ವರ್ಷ. ಮೂವರು ಮಕ್ಕಳಲ್ಲಿ ಕೊನೆಯವಳು. ಅಪ್ಪ ಕಟ್ಟಿಸಿದ ಮನೆಯಲ್ಲೇ ನಾನು, ಗಂಡ, ಮಗ ಇದ್ದೇವೆ. ಅಪ್ಪನ ನಂತರ ಮನೆ ಅಮ್ಮನ ಹೆಸರಿಗೆ ಬಂದಿತ್ತು. ಕೊನೆಯ 7 ವರ್ಷ ಅಮ್ಮನನ್ನು ನೋಡಿಕೊಂಡವಳು ನಾನೇ. ಅಮ್ಮ ಹೋಗಿ ಒಂದು ವರ್ಷವಾಯಿತು. ಮನೆಯಲ್ಲಿ ಮೂವರಿಗೂ ಸಮಪಾಲು, ಅದರಲ್ಲಿ ತಕರಾರಿಲ್ಲ. ಅಣ್ಣ, ಅಕ್ಕ ಇಬ್ಬರಿಗೂ ಬೇರೆ ಊರಲ್ಲಿ ಸ್ವಂತ ಮನೆ ಇದೆ. ಅವರ ಪಾಲನ್ನು ನಾನೇ ಕೊಳ್ಳುತ್ತೇನೆ ಅಂದೆ. "ಸರಿ, ಎಷ್ಟು ಕೊಡ್ತೀಯ ಹೇಳು" ಅಂದ ಅಣ್ಣ. ಅವತ್ತಿನಿಂದ ನಿದ್ದೆಯಿಲ್ಲ. ಕಡಿಮೆ ಹೇಳಿದರೆ ನಮಗೇ ಟೋಪಿ ಹಾಕ್ತಿದ್ದಾಳೆ ಅಂದುಕೊಳ್ಳುತ್ತಾರೆ. ಜಾಸ್ತಿ ಹೇಳಿದರೆ ಸಾಲ ತೀರಿಸುವುದರಲ್ಲೇ ನಮ್ಮ ಆಯಸ್ಸು ಮುಗಿಯುತ್ತದೆ. "ಅಮ್ಮನ್ನ ನೋಡ್ಕೊಂಡಿದ್ದು, ಮನೆ ರಿಪೇರಿ ಮಾಡ್ಸಿದ್ದು ಎಲ್ಲ ಕಳೆದು ಹೇಳು" ಅಂತಾರೆ ನನ್ನ ಗಂಡ. ಒಮ್ಮೆ ಅಣ್ಣ ಮಾತಿನ ಮಧ್ಯೆ "ಇಷ್ಟು ವರ್ಷ ಬಾಡಿಗೆ ಇಲ್ಲದೆ ಇದ್ರಲ್ಲ" ಅಂದಿದ್ದು ಇನ್ನೂ ಚುಚ್ಚುತ್ತಿದೆ. ಎಷ್ಟು ಅಂತ ಹೇಳಲಿ? ಇನ್ನೊಂದು, ಅಮ್ಮನ ಹೊಲಿಗೆ ಮಷೀನು ಬೇಕು ಅಂತ ಅಕ್ಕ ಕೇಳಿದ್ದಾಳೆ. ಅದಕ್ಕೂ ಬೆಲೆ ಕಟ್ಟಬೇಕಾ?

ಉತ್ತರ: ಇನ್ನೂ ಯಾವ ಸಂಖ್ಯೆಯನ್ನೂ ಬಾಯಿಬಿಟ್ಟಿಲ್ಲ ಅಲ್ವಾ? ಒಳ್ಳೆಯದಾಯಿತು. ಸದ್ಯಕ್ಕೆ ಹಾಗೇ ಇರಿ.

ಮನೆ ಎಷ್ಟು ಬಾಳುತ್ತದೆ ಅನ್ನುವುದು ಒಂದು ಪ್ರಶ್ನೆ. ನಿಮ್ಮ ಕೈಲಿ ಎಷ್ಟಾಗುತ್ತದೆ ಅನ್ನುವುದು ಇನ್ನೊಂದು. ಯಾರು ಯಾರಿಗೆ ಏನು ಮಾಡಿದರು ಅನ್ನುವುದು ಮೂರನೆಯದು. ನಿಮ್ಮ ತಲೆಯಲ್ಲಿ ಮೂರೂ ಸೇರಿ ಗಂಟು ಬಿದ್ದಿವೆ. ಮೂರಕ್ಕೂ ಒಂದೇ ಸಂಖ್ಯೆಯಲ್ಲಿ ಉತ್ತರ ಕೊಡಲು ಹೊರಟಿದ್ದೀರಿ. ನಿದ್ದೆ ಬರದಿರುವುದು ಅದಕ್ಕೇ.

ಮೊದಲನೆಯದನ್ನು ಹೊರಗಿನವರಿಗೆ ಬಿಡಿ. ಮನೆಗಳಿಗೆ ಬೆಲೆ ಕಟ್ಟುವುದೇ ಕಸುಬಾಗಿರುವ ಇಬ್ಬರನ್ನು ಕರೆಸಿ. ಒಬ್ಬರನ್ನು ನೀವು ಆರಿಸಿ, ಇನ್ನೊಬ್ಬರನ್ನು ಅಣ್ಣ, ಅಕ್ಕ ಆರಿಸಲಿ. ಫೀಸನ್ನು ಮೂವರೂ ಹಂಚಿಕೊಳ್ಳಿ. ನೀವೊಬ್ಬರೇ ಕೊಟ್ಟರೆ ಆತ 'ಅವಳ ಕಡೆಯವನು' ಆಗಿಬಿಡುತ್ತಾನೆ. ಅಕ್ಕಪಕ್ಕದ ಮನೆಗಳು ನಿಜವಾಗಿ ಎಷ್ಟಕ್ಕೆ ಮಾರಾಟವಾದವು ಅನ್ನುವುದನ್ನು ಅವರು ನೋಡಲಿ. ಎಷ್ಟಕ್ಕೆ 'ಹೇಳ್ತಿದ್ದಾರೆ' ಅನ್ನುವುದು ಬೇಡ, ಹೇಳೋದಕ್ಕೆ ಏನಂತೆ.

ಒಂದು ಎಚ್ಚರಿಕೆ. ಬೆಲೆ ಕಟ್ಟಲು ಬಂದವರ ಮುಂದೆ "ಸುಮಾರು ಇಷ್ಟಿರಬಹುದು ಅಂದ್ಕೊಂಡಿದ್ದೀವಿ" ಅಂತ ಕೂಡ ಹೇಳಬೇಡಿ. ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು 1987ರಲ್ಲಿ ಅಮೆರಿಕದ ಟೂಸಾನ್ ನಗರದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮನೆ ಏಜೆಂಟರನ್ನು ಒಂದೇ ಮನೆಗೆ ಕರೆದೊಯ್ದು, ಮಾರುವವರು ಕೇಳುತ್ತಿರುವ ಬೆಲೆ ಅಂತ ಬೇರೆ ಬೇರೆಯವರಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದರು. ದೊಡ್ಡ ಸಂಖ್ಯೆ ನೋಡಿದವರು ಜಾಸ್ತಿ ಬೆಲೆ ಕಟ್ಟಿದರು, ಚಿಕ್ಕದು ನೋಡಿದವರು ಕಡಿಮೆ. ತಮಾಷೆ ಅಂದರೆ, ಆ ಸಂಖ್ಯೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅಂದವರೇ ಹೆಚ್ಚು. ಕಸುಬಿನವರ ಗತಿಯೇ ಹೀಗಾದರೆ, ನೀವು ಫೋನಲ್ಲಿ ಸುಮ್ನೆ ಉದುರಿಸಿದ ಒಂದು ಸಂಖ್ಯೆ ಅಣ್ಣನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂರಬಹುದು ಯೋಚಿಸಿ.

ಮನೆಯವರೇ ಕೂತು ಬೆಲೆ ಕಟ್ಟಿದರೆ ಇನ್ನೊಂದು ತೊಂದರೆ. ಡೇನಿಯಲ್ ಕಾನೆಮನ್, ರಿಚರ್ಡ್ ಥೇಲರ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರೊಬ್ಬರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟಿದ್ದರು. ಮಗ್ ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಳ್ಳಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟಿತ್ತು. ಆಗಷ್ಟೇ ಕೈಗೆ ಬಂದ ಮಗ್ಗಿನ ಕಥೆ ಇದು. ಹುಟ್ಟಿ ಬೆಳೆದ ಮನೆಯ ಪಾಲನ್ನು ಬಿಟ್ಟುಕೊಡುವ ಅಣ್ಣನಿಗೆ ನಿಮ್ಮ ರೇಟು ಕಡಿಮೆ ಅನ್ನಿಸಿದರೆ ಅದು ದುರಾಸೆ ಆಗಿರಲೇಬೇಕು ಅಂತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮನೆಯ ಬೆಲೆ 90 ಅಂತ ಇಟ್ಟುಕೊಳ್ಳಿ. ಒಂದೊಂದು ಪಾಲು 30. ನೀವು ಕೊಡಬೇಕಾದದ್ದು 60, 90 ಅಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಗಾಬರಿಯಲ್ಲಿ ಇಡೀ ಮನೆಯ ಬೆಲೆ ನೋಡಿ ಕೈಚೆಲ್ಲಿದವರನ್ನು ನೋಡಿದ್ದೇನೆ. ಇದೇ ಮನೆಯನ್ನು ಹೊರಗಿನವರಿಗೆ ಮಾರಿದರೆ ಬ್ರೋಕರ್ ಕಮಿಷನ್, ಸುಣ್ಣಬಣ್ಣ, ಗಿರಾಕಿಗೆ ಕಾಯುವ ತಿಂಗಳುಗಳು, ಕೊನೇ ಗಳಿಗೆಯ ಚೌಕಾಸಿ ಇವೆಲ್ಲಕ್ಕೆ ಒಂದಷ್ಟು ಹೋಗುತ್ತದೆ. 4 ಹೋಯಿತು ಅನ್ನಿ. ಮೂವರ ಕೈಗೆ ಬರುವುದು 86. ಹಾಗಾಗಿ ಮನೆಯ ಬೆಲೆ 86ರಿಂದ 90ರ ಒಳಗೆ ಎಲ್ಲಿ ನಿಂತರೂ ಅದು ಮೋಸ ಅಲ್ಲ. ನಿಮ್ಮ ಚೌಕಾಸಿಗೆ ಜಾಗ ಇರುವುದು ಈ ಸಂದಿಯಲ್ಲಿ ಮಾತ್ರ. ನನ್ನನ್ನು ಕೇಳಿದರೆ, ಚೌಕಾಸಿ ಮಾಡದೆ ನಡುವಿನ 88ಕ್ಕೆ ಹೋಗಿಬಿಡಿ.

ಇನ್ನು ಅಮ್ಮನ ವಿಷಯ. ಪತ್ರದಲ್ಲಿ ಇದನ್ನು ಒಂದು ಸಾಲಲ್ಲಿ ಮುಗಿಸಿದ್ದೀರಿ. ಆದರೆ ಇಡೀ ಪತ್ರ ನಿಂತಿರುವುದೇ ಇದರ ಮೇಲೆ ಅನ್ನಿಸಿತು ನನಗೆ.

ನಿಮ್ಮ ಗಂಡ ಹೇಳುವುದು ತಪ್ಪಲ್ಲ, ಅದನ್ನು ಸೇರಿಸಲು ಹೊರಟಿರುವ ಜಾಗ ತಪ್ಪು. ಕೈಯಿಂದ ಹಾಕಿದ ದುಡ್ಡು ಬೇರೆ, ಮಾಡಿದ ಸೇವೆ ಬೇರೆ. ದುಡ್ಡಿಗೆ ಒಂದು ಹಾಳೆ ಮಾಡಿ. ಸೂರು ಸೋರುತ್ತಿತ್ತು, 6 ಖರ್ಚು ಮಾಡಿ ಸರಿಮಾಡಿಸಿದಿರಿ ಅನ್ನಿ. ಅದರಲ್ಲಿ 2 ನಿಮ್ಮ ಪಾಲಿಗೆ, ಉಳಿದ 4 ಅವರಿಬ್ಬರಿಂದ ಬರಬೇಕು. ಹೊಸ ಸೂರಿನಿಂದ ಏರಿದ ಬೆಲೆಯಲ್ಲಿ ಅವರಿಗೂ ಪಾಲು ಸಿಗುತ್ತಿದೆಯಲ್ಲ. ಆದರೆ ನಿಮ್ಮ ಇಷ್ಟಕ್ಕೆ ಅಡುಗೆಮನೆ ಒಡೆದು ಕಟ್ಟಿಸಿದ್ದರೆ ಬಿಲ್ ತೋರಿಸಬೇಡಿ. ಅದರಿಂದ ಮನೆಯ ಬೆಲೆ ಎಷ್ಟು ಏರಿದೆ ಅಂತ ಬೆಲೆ ಕಟ್ಟುವವರನ್ನು ಕೇಳಿ, ಅಷ್ಟು ಮಾತ್ರ ಬರೆಯಿರಿ. ಖರ್ಚು ಮಾಡಿದಷ್ಟೂ ಬೆಲೆ ಏರುತ್ತದೆ ಅನ್ನುವುದು ಮನೆ ಕಟ್ಟಿದ ಎಲ್ಲರ ನಂಬಿಕೆ, ಆಗುವುದು ಅಪರೂಪ.

ಅಣ್ಣನ ಬಾಡಿಗೆ ಮಾತೂ ಇದೇ ಹಾಳೆಗೆ ಸೇರಬೇಕು. ಚುಚ್ಚಿತು, ನಿಜ. ಆದರೆ ಸ್ವಲ್ಪ ಬಿಡಿಸಿ ನೋಡಿ. ಅಮ್ಮ ಇರುವವರೆಗೆ ಅದು ಅಮ್ಮನ ಮನೆ. ತನ್ನ ಮನೆಯಲ್ಲಿ ಮಗಳನ್ನು ಬಾಡಿಗೆ ಇಲ್ಲದೆ ಇರಿಸಿಕೊಂಡದ್ದು ಅಮ್ಮ, ಅಣ್ಣ ಅಲ್ಲ. ಆ ವರ್ಷಗಳ ಬಾಡಿಗೆ ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅಮ್ಮನಿಗಿತ್ತು, ಅವರು ಕೇಳಲಿಲ್ಲ. ಅಮ್ಮ ಹೋದ ಮೇಲಿನ ಈ ಒಂದು ವರ್ಷ ಮಾತ್ರ ಬೇರೆ. ಈಗ ನೀವು ಮೂವರ ಮನೆಯಲ್ಲಿ ಒಬ್ಬರೇ ಇದ್ದೀರಿ. ಒಂದು ವರ್ಷದ ಬಾಡಿಗೆಯಲ್ಲಿ ಮೂರನೇ ಎರಡು ಭಾಗವನ್ನು ಅವರ ಕಡೆ ನೀವಾಗಿಯೇ ಬರೆಯಿರಿ. ನೀವು ಕಟ್ಟಿದ ಮನೆ ತೆರಿಗೆಯಲ್ಲಿ ಅವರ ಭಾಗವನ್ನು ನಿಮ್ಮ ಕಡೆ ಬರೆಯಿರಿ. ಕೇಳುವ ಮೊದಲೇ ಬರೆದರೆ ಆ ಮಾತಿನ ಮೊನೆ ಅಲ್ಲಿಗೆ ಮೊಂಡಾಗುತ್ತದೆ.

7 ವರ್ಷ ನೋಡಿಕೊಂಡದ್ದು ಈ ಹಾಳೆಗೆ ಬರುವುದಿಲ್ಲ. ರೇಟಿನೊಳಗೆ ಅದನ್ನು ಬಚ್ಚಿಡಬೇಡಿ. ಬಚ್ಚಿಟ್ಟರೆ ಅಣ್ಣ, ಅಕ್ಕನ ಕಣ್ಣಿಗೆ ಬೀಳುವುದು ಕಡಿಮೆ ರೇಟು ಮಾತ್ರ, ಆ 7 ವರ್ಷ ಕಾಣುವುದೇ ಇಲ್ಲ. ನೀವು ಬಾಯಿಬಿಟ್ಟು ಹೇಳಿಲ್ಲ, ಅವರು ಒಪ್ಪಿಲ್ಲ, ಆದರೂ ಕಳೆದುಕೊಂಡಿದ್ದೀರಿ. ಅದರ ಬದಲು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿ: "ಮನೆಯ ಬೆಲೆ ಇಷ್ಟು, ನಿಮ್ಮ ಪಾಲು ಇಷ್ಟು. ಅದರಲ್ಲಿ ನನಗೆ ತಕರಾರಿಲ್ಲ. ಅಮ್ಮನ್ನ ನೋಡ್ಕೊಂಡಿದ್ದಕ್ಕೆ ನೀವು ಏನಾದರೂ ಬಿಡಬೇಕು ಅಂತ ನಿಮಗೆ ಅನ್ನಿಸಿದರೆ ನಾನು ಬೇಡ ಅನ್ನಲ್ಲ." ಕೇಳುವುದು ಕಷ್ಟ, ಗೊತ್ತು. ಅವರು ಬಿಟ್ಟರೆ ಅದು ಅವರು ಕೊಟ್ಟದ್ದು, ನೀವು ಕಿತ್ತುಕೊಂಡದ್ದಲ್ಲ. ಬಿಡದಿದ್ದರೆ ಬೇಜಾರಾಗುತ್ತದೆ. ಆದರೆ ಆ ಬೇಜಾರನ್ನು ರೇಟಿನಲ್ಲಿ ತೀರಿಸಿಕೊಳ್ಳಲು ಹೋದರೆ ಜಗಳ ಮನೆಯ ಬೆಲೆಯ ಮೇಲೆ ನಡೆಯುತ್ತದೆ, ನೋವು ಇದ್ದಲ್ಲೇ ಇರುತ್ತದೆ.

ನಿಮ್ಮ ಕೈಲಿ ಎಷ್ಟಾಗುತ್ತದೆ? ಇದನ್ನು ಅಣ್ಣನಿಗೆ ಹೇಳಬೇಕಾಗಿಲ್ಲ, ನೀವಿಬ್ಬರೂ ಕೂತು ಬರೆದಿಟ್ಟುಕೊಳ್ಳಿ. 60 ಪೂರ್ತಿ ಸಾಲ, ಬಡ್ಡಿ ವರ್ಷಕ್ಕೆ 9%, ಅವಧಿ 20 ವರ್ಷ ಅಂದರೆ ಒಟ್ಟು ಕಟ್ಟುವುದು 130ರ ಹತ್ತಿರ. ಮುಗಿಯುವಾಗ ನಿಮಗೆ 66. ಅದನ್ನೇ 10 ವರ್ಷಕ್ಕೆ ಇಳಿಸಿದರೆ ಒಟ್ಟು 91 ಆಗುತ್ತದೆ, ಆದರೆ ತಿಂಗಳ ಕಂತು ಸುಮಾರು 40% ಜಾಸ್ತಿ. ಪ್ರೀತಿಗೆ ಅಂತ ಸಾಲ ಮಾಡಿ ಮೇಲೆ ಹಾಕುವ ಒಂದೊಂದು ರೂಪಾಯಿಯೂ 20 ವರ್ಷದಲ್ಲಿ ಎರಡಕ್ಕಿಂತ ಜಾಸ್ತಿಯಾಗುತ್ತದೆ. ಇಬ್ಬರಲ್ಲಿ ಒಬ್ಬರ ಸಂಬಳ ಆರು ತಿಂಗಳು ನಿಂತರೂ ಕಂತು ಕಟ್ಟಬಹುದಾ, ನೋಡಿ. ಅಲ್ಲಿಗೆ ನಿಮ್ಮ ಮಿತಿ ಗೊತ್ತಾಗುತ್ತದೆ.

ಮಿತಿ ನ್ಯಾಯದ ಬೆಲೆಗಿಂತ ಕೆಳಗಿದ್ದರೆ ಬೆಲೆ ಇಳಿಸಿ ಅನ್ನಬೇಡಿ, ಟೈಮ್ ಕೊಡಿ ಅನ್ನಿ. ಅಕ್ಕನ ಪಾಲು ಈಗ, ಅಣ್ಣನದು ಮೂರು ವರ್ಷದಲ್ಲಿ ಕಂತು ಕಂತಾಗಿ, ಬಡ್ಡಿ ಇಷ್ಟು, ಹೀಗೆ. ಬರವಣಿಗೆಯಲ್ಲಿರಲಿ. ಅದೂ ಆಗದಿದ್ದರೆ ಮನೆ ಮಾರುವುದು ಅವಮಾನವೇನಲ್ಲ.

ಇಷ್ಟಾದ ಮೇಲೂ ಒಂದು ಸಂಖ್ಯೆ ಸರಿಯಾ ಅಂತ ಅನುಮಾನ ಬಂದರೆ ಹೀಗೆ ಮಾಡಿ. ಅಕ್ಕ ತಟ್ಟನೆ "ಅದೇ ರೇಟಿಗೆ ನಾನೇ ನಿಮ್ಮಿಬ್ಬರ ಪಾಲು ಕೊಳ್ತೀನಿ" ಅಂದರು ಅಂತ ಊಹಿಸಿಕೊಳ್ಳಿ. ಅಯ್ಯೋ ಇಷ್ಟು ಕಡಿಮೆಗಾ ಅನ್ನಿಸಿತಾ? ಹಾಗಾದರೆ ನಿಮ್ಮ ರೇಟು ಕಡಿಮೆ. ಸದ್ಯ ಬಚಾವಾದೆ, ದುಡ್ಡು ತಗೊಂಡು ಹೋಗ್ತೀನಿ ಅನ್ನಿಸಿತಾ? ಹಾಗಾದರೆ ಜಾಸ್ತಿ. ಕೊಳ್ಳಲೂ ಸರಿ, ಮಾರಲೂ ಸರಿ ಅನ್ನಿಸುವ ಜಾಗದಲ್ಲಿ ನಿಲ್ಲಿ. ಅಣ್ಣನ ಮುಂದೆ "ಈ ರೇಟಿಗೆ ಮಾರೋಕೂ ನಾನು ರೆಡಿ" ಅಂತ ನೀವು ಹೇಳಬಲ್ಲಿರಾದರೆ ಟೋಪಿಯ ಮಾತು ಬರುವುದಿಲ್ಲ.

ಬೆಲೆ ಕಟ್ಟುವವರ ಮಾತನ್ನೇ ಯಾರಾದರೂ ಒಪ್ಪದಿದ್ದರೆ? ಅದಕ್ಕೂ ದಾರಿ ಇದೆ. ಪೋಲೆಂಡಿನ ಗಣಿತಜ್ಞ ಬ್ರೊನಿಸ್ಲಾವ್ ಕ್ನಾಸ್ಟರ್ 1940ರ ದಶಕದಲ್ಲಿ ಹೇಳಿದ ಉಪಾಯ. (ಲೆಕ್ಕ ಅಂದರೆ ತಲೆನೋವು ಅನ್ನುವವರು ಈ ಪ್ಯಾರಾ ಹಾರಿಸಬಹುದು.) ಮೂವರೂ ಮನೆಯ ಬೆಲೆಯನ್ನು ಚೀಟಿಯಲ್ಲಿ ಬರೆದು ಕವರಿನಲ್ಲಿ ಹಾಕುತ್ತೀರಿ. ನೀವು 96, ಅಕ್ಕ 90, ಅಣ್ಣ 84 ಬರೆದಿರಿ ಅನ್ನಿ. ಹೆಚ್ಚು ಬರೆದವರಿಗೆ ಮನೆ. ನಿಮ್ಮ ಲೆಕ್ಕದಲ್ಲಿ ನಿಮ್ಮ ಪಾಲು 32, ಆದ್ದರಿಂದ ಉಳಿದ 64 ಮುಂದಿಡಿ. ಅಕ್ಕ ತಮ್ಮ ಲೆಕ್ಕದ 30 ತೆಗೆದುಕೊಳ್ಳುತ್ತಾರೆ, ಅಣ್ಣ 28. ಇನ್ನೂ 6 ಮಿಕ್ಕಿತು, ಮೂವರಿಗೂ 2 ಬರುತ್ತದೆ. ಕೊನೆಗೆ ಅಕ್ಕನಿಗೆ 32, ಅಣ್ಣನಿಗೆ 30, ನಿಮ್ಮ ಕೈಯಿಂದ ಹೋದದ್ದು 62. ತನ್ನ ಪಾಲು ಇಷ್ಟು ಅಂದುಕೊಂಡಿದ್ದಕ್ಕಿಂತ ಪ್ರತಿಯೊಬ್ಬರಿಗೂ 2 ಜಾಸ್ತಿಯೇ ಸಿಕ್ಕಿತು. ಚೆಂದವಾಗಿದೆ, ಆದರೆ ಜೇಬು ದಪ್ಪ ಇರುವವರು ಮೇಲೆ ಬರೆದು ಮನೆ ಹೊಡೆದುಕೊಳ್ಳಬಹುದು. ಆ ಮನೆಯಲ್ಲಿ ಇರಲೇಬೇಕು ಅನ್ನುವ ನಿಮ್ಮಂಥವರಿಗೆ ಇದು ಕೊನೆಯ ದಾರಿಯಾಗಿರಲಿ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಕಿರಿಯ ಮಗ ತನ್ನ ಅಕ್ಕಂದಿರ ಪಾಲನ್ನು "ನಾನು ಇಲ್ಲೇ ಇರೋದು" ಅಂತ ಹೇಳಿ ಕಡಿಮೆಗೆ ಕೊಂಡ. ಎರಡೇ ವರ್ಷಕ್ಕೆ ಒಳ್ಳೇ ಬೆಲೆ ಬಂತು, ಮಾರಿದ. ಕಾನೂನಿನಲ್ಲಿ ತಪ್ಪೇನಿಲ್ಲ. ಅಕ್ಕಂದಿರು ಮಾತ್ರ ಅವನ ಮಗಳ ಮದುವೆಗೂ ಬರಲಿಲ್ಲ. ಹಾಗಾಗಿ ನೀವೇ ಮುಂದಾಗಿ ಒಂದು ಷರತ್ತು ಹೇಳಿ: 5 ವರ್ಷದೊಳಗೆ ನಾನು ಮಾರಿದರೆ, ಖರ್ಚು ಕಳೆದು ಬಂದ ಲಾಭ ಮೂವರಿಗೂ. ಅಲ್ಲೇ ಇರುವ ಮನಸ್ಸು ನಿಜವಾಗಿದ್ದರೆ ಈ ಮಾತಿಗೆ ನಿಮಗೆ ನಯಾಪೈಸೆ ಖರ್ಚಿಲ್ಲ.

ಅಣ್ಣನಿಗೊಂದು ಸಲ, ಅಕ್ಕನಿಗೊಂದು ಸಲ ಬೇರೆ ಬೇರೆ ಹೇಳಬೇಡಿ. ಇಬ್ಬರಿಗೂ ಒಟ್ಟಿಗೆ, ಅದೇ ಮಾತು, ಅದೇ ಕಾಗದ. ಗಂಡನನ್ನು ಮೊದಲ ದಿನ ಹೊರಗಿಡಿ, ಅತ್ತಿಗೆ, ಭಾವ ಕೂಡ ಬೇಡ. ಮಾತು ಮುಗಿದ ಮೇಲೆ ವಕೀಲರ ಹತ್ತಿರ ಹೋಗಿ. ನೋಂದಣಿ ಖರ್ಚು, ತೆರಿಗೆ ಯಾರ ತಲೆಗೆ ಅನ್ನುವುದು ಊರೂರಿಗೆ ಬೇರೆ, ಅದನ್ನು ಅವರೇ ಹೇಳಲಿ.

ಹೊಲಿಗೆ ಮಷೀನಿಗೆ ಬೆಲೆ ಕಟ್ಟಬೇಡಿ. ಒರೆಸಿ, ಎಣ್ಣೆ ಹಾಕಿ, ಅಕ್ಕನ ಮನೆಗೆ ಕಳಿಸಿಕೊಡಿ. ರೇಟಿನ ಮಾತು ಶುರುವಾಗುವ ಮೊದಲೇ.