ಶುಗರ್ ಹೆಚ್ಚಿದೆ, ಮುಂದೂಡೋಣ ಎಂದಿದ್ದಾರೆ ವೈದ್ಯರು; ನಾಲ್ಕು ದಿನ ಅನ್ನ ಬಿಟ್ಟು ಇಳಿಸಿ ತಂದೆಯವರ ಹರ್ನಿಯಾ ಆಪರೇಷನ್ ಮಾಡಿಸಬಹುದೇ?

ನೀವು ಕೇಳುತ್ತಿರುವುದನ್ನು ನಾನು ಮಾಡಿಯೇ ನೋಡಿದ್ದೇನೆ.

ನಮ್ಮದು ಸಿಂಧನೂರು ತಾಲ್ಲೂಕು, ಎಡದಂಡೆ ಕಾಲುವೆಯ ನೀರಿಗೆ ಸೋನಾ ಮಸೂರಿ ಬೆಳೆಯುವ ಮನೆ. ಕೊಯ್ಲಿಗೆ ಮುಂಚೆ ನನ್ನ ಹರ್ನಿಯಾ ಆಪರೇಷನ್ ಮುಗಿಸಿಬಿಡಬೇಕೆಂಬ ಆತುರಕ್ಕೆ, ರಾಯಚೂರಿಗೆ ಹೋಗುವ ಮುಂಚಿನ ನಾಲ್ಕು ದಿನ ಅನ್ನ ಮುಟ್ಟದೆ, ರಾತ್ರಿ ಅರ್ಧ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಮಲಗಿದೆ. ಖಾಲಿ ಹೊಟ್ಟೆಯ ಶುಗರ್ 132 ಬಂತು. ಹಳೆಯ ರಿಪೋರ್ಟ್ ಇದೆಯೇ ಎಂದು ವೈದ್ಯರು ಕೇಳಿದಾಗ ಇಲ್ಲವೆಂದೆ. ಹದಿನೈದು ದಿನ ಹಿಂದೆ ಊರಿನ ಲ್ಯಾಬಿನವರು ಎಚ್‌ಬಿಎ1ಸಿ 10.4 ಎಂದು ಬರೆದುಕೊಟ್ಟ ಚೀಟಿ ಆಗ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ನಾನು ಕೆಟ್ಟದ್ದು ಆ ಒಂದು ಚೀಟಿಯನ್ನು ಮುಚ್ಚಿಟ್ಟಿದ್ದರಿಂದ. ಆ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುತ್ತದೆ, ನಾಲ್ಕು ದಿನದ ಪಥ್ಯಕ್ಕೆ ಅದು ಜಗ್ಗುವುದಿಲ್ಲ. ಅದನ್ನು ನೋಡಿದ್ದರೆ ಅವರು ಬಹುಶಃ ಆಪರೇಷನ್ ಮುಂದೂಡಿ ಇನ್ಸುಲಿನ್ ಶುರುಮಾಡುತ್ತಿದ್ದರು. ನಾನು ತೋರಿಸಿದ್ದು 132 ಮಾತ್ರ, ಆಪರೇಷನ್ ಆಗಿಬಿಟ್ಟಿತು. ಕೊಯ್ದ ನೋವಿಗೆ ದೇಹವು ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳನ್ನು ಹರಿಸುವುದರಿಂದ ಶುಗರ್ ಇನ್ನೂ ಏರುತ್ತದೆ. ಮರುದಿನ ನನ್ನದು 310 ದಾಟಿತು. ಸಕ್ಕರೆ ಅಷ್ಟು ಏರಿದ ರಕ್ತದಲ್ಲಿ ಬಿಳಿ ರಕ್ತಕಣಗಳು ಸೋಂಕನ್ನು ಸರಿಯಾಗಿ ಎದುರಿಸಲಾರವು, ಗಾಯವನ್ನು ಬೆಸೆಯುವ ಕೊಲಾಜೆನ್ ಕೂಡ ಗಟ್ಟಿಯಾಗಿ ಕಟ್ಟಿಕೊಳ್ಳುವುದಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಲುಂಗಿಯ ಅಂಚು ಹೊಟ್ಟೆಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದರೆ ಎರಡು ಹೊಲಿಗೆಗಳ ನಡುವೆ ಚರ್ಮ ಬಾಯ್ಬಿಟ್ಟು ಹಳದಿ ಕೀವು ಒಸರುತ್ತಿತ್ತು. 41 ದಿನ ಡ್ರೆಸ್ಸಿಂಗ್ ನಡೆಯಿತು. ಗಾಜ್ ಬಟ್ಟೆಯನ್ನು ಗಾಯದೊಳಕ್ಕೆ ತುರುಕುವಾಗ ಮಂಚದ ಕಬ್ಬಿಣವನ್ನು ಹಿಡಿದುಕೊಳ್ಳುತ್ತಿದ್ದೆ. ಭತ್ತವನ್ನು ತಮ್ಮನೇ ಕೊಯ್ಸಿದ.

ಆದ್ದರಿಂದ ನಾಲ್ಕೇ ದಿನದಲ್ಲಿ ಶುಗರ್ ಇಳಿಸಿ ತೋರಿಸುವ ಉಪಾಯವನ್ನು ದಯವಿಟ್ಟು ಕೈಬಿಡಿ. ವೈದ್ಯರು ಮುಂದೂಡೋಣ ಎಂದಿರುವುದು ನಿಮ್ಮ ತಂದೆಯವರ ಅದೃಷ್ಟ, ಒಪ್ಪಿಕೊಳ್ಳಿ. ತುರ್ತಿಲ್ಲದ ಆಪರೇಷನ್‌ಗೆ ಮೊದಲು ಎಚ್‌ಬಿಎ1ಸಿ 8ರೊಳಗೆ ಬರಲಿ ಎಂದು ಬಹಳ ವೈದ್ಯರು ಹೇಳುತ್ತಾರೆ, ಅದಕ್ಕೆ ಎರಡು ಮೂರು ತಿಂಗಳು ಹಿಡಿದರೂ ಹಿಡಿಯಲಿ. ಆ ನಡುವೆ ಹರ್ನಿಯಾ ಒಳಗೆ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಬಂದರೆ ಮಾತ್ರ ಶುಗರ್ ಎಷ್ಟಿದ್ದರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ತಂದೆಯವರು ನುಂಗುವ ಪ್ರತಿಯೊಂದು ಮಾತ್ರೆಯನ್ನೂ ಅರಿವಳಿಕೆ ವೈದ್ಯರಿಗೆ ತೋರಿಸಿ. ಡಾಪಾಗ್ಲಿಫ್ಲೋಜಿನ್‌ನಂಥ ಶುಗರ್ ಮಾತ್ರೆಗಳನ್ನು ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಯಾವುದನ್ನು ಎಂದು ಅವರೇ ಹೇಳಲಿ. ಜೊತೆಗೆ ಮನೆಯಲ್ಲಿರುವ ಲ್ಯಾಬ್ ಚೀಟಿಗಳನ್ನೆಲ್ಲ, ಕೆಟ್ಟ ಅಂಕಿಯಿರುವವನ್ನೇ ಮೇಲಿಟ್ಟು, ಅವರ ಮೇಜಿನ ಮೇಲೆ ಇಡಿ.