ನಡುಗುವ ಮೈ ಅವಿಶ್ವಾಸದ ಗುರುತಲ್ಲ

ಪ್ರಶ್ನೆ: ನಾನು ಚಿಕ್ಕವಳಿದ್ದಾಗ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ನನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರು. ಈಗಲೂ ಯಾರಾದರೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಮೈ ನಡುಗಿ ಉಸಿರು ಕಟ್ಟುತ್ತದೆ. ವಿಷಯ ತಿಳಿದ ಕೆಲವರು, ‘ಕ್ಷಮಿಸಿ ಮರೆತುಬಿಡು, ನಿನಗೆ ವಿಶ್ವಾಸವಿದ್ದಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗಬೇಕಿತ್ತು’ ಎನ್ನುತ್ತಾರೆ. ಆ ವ್ಯಕ್ತಿ ಇಂದಿಗೂ ಅದೇ ಸಭೆಯಲ್ಲಿ ಗೌರವದಿಂದಿದ್ದಾರೆ. ನಾನು ಕ್ಷಮಿಸದಿದ್ದರೆ ದೇವರು ನನ್ನನ್ನು ಕ್ಷಮಿಸುವುದಿಲ್ಲವೇ? ಆಪ್ತಸಮಾಲೋಚಕರ ಬಳಿ ಹೋಗುವುದು ಅಪನಂಬಿಕೆಯೇ?

ಉತ್ತರ: ಪ್ರಿಯ ಸಹೋದರಿ, ನಡೆದುದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಈ ಮಾತನ್ನು ನಿಮಗೆ ಮೊದಲೇ ಯಾರಾದರೂ ಹೇಳಬೇಕಿತ್ತು.

ನಿಮ್ಮ ನಡುಕಕ್ಕೂ ನಿಮ್ಮ ವಿಶ್ವಾಸಕ್ಕೂ ಸಂಬಂಧವಿಲ್ಲ. ಪ್ರಾಣಕ್ಕೆ ಅಥವಾ ಮಾನಕ್ಕೆ ಅಪಾಯ ಬಂದಾಗ ಮಿದುಳು ಆ ಕ್ಷಣದ ಸ್ಪರ್ಶ, ವಾಸನೆ, ದನಿಗಳನ್ನು ಎಚ್ಚರಿಕೆಯ ಗುರುತುಗಳಾಗಿ ಉಳಿಸಿಕೊಳ್ಳುತ್ತದೆ. ಅಂಥದೇ ಸ್ಪರ್ಶ ಮತ್ತೆ ಆದಾಗ, ಇದು ಪ್ರಾರ್ಥನೆ, ಇಲ್ಲಿ ಅಪಾಯವಿಲ್ಲ ಎಂದು ಬುದ್ಧಿ ಹೇಳುವ ಮೊದಲೇ ಎದೆ ಹೊಡೆದುಕೊಳ್ಳತೊಡಗುತ್ತದೆ. ಇಂಥ ನೋವನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಮಾನಸಿಕ ಕಾಯಿಲೆಗಳ ತನ್ನ ಅಧಿಕೃತ ಪಟ್ಟಿಗೆ ಸೇರಿಸಿತು; ಅದಕ್ಕೆ ನೆರವಾಗುವ ಕೆಲವು ಮಾತಿನ ಚಿಕಿತ್ಸೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ನಿಮಗಿರುವುದು ಅದೇ ಕಾಯಿಲೆಯೇ ಎಂಬುದನ್ನು ತಜ್ಞರು ನಿಮ್ಮನ್ನು ಕಂಡು ಹೇಳಬೇಕು. ಅವರ ಬಳಿಗೆ ಹೋಗುವುದು ಅಪನಂಬಿಕೆಯಲ್ಲ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಪ್ರವಾದಿ ಎಲೀಯನು ಸಾವನ್ನು ಬೇಡಿ ಮಲಗಿದಾಗ ದೇವದೂತನು ಅವನಿಗೆ ಬೋಧನೆ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮತ್ತೆ ಮಲಗಲು ಬಿಟ್ಟು, ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದನು.

ತಲೆಯ ಮೇಲೆ ಕೈಯಿಡುವ ವಿಷಯದಲ್ಲಿ, ‘ದಯವಿಟ್ಟು ಮುಟ್ಟದೆ ಪ್ರಾರ್ಥಿಸಿ’ ಎಂದು ಹೇಳುವ ಹಕ್ಕು ನಿಮಗಿದೆ. ಕಣ್ಣು ತೆರೆದೇ ಪ್ರಾರ್ಥಿಸಬಹುದು, ಬಾಗಿಲಿಗೆ ಹತ್ತಿರದ ಬೆಂಚಿನಲ್ಲಿ ಕೂರಬಹುದು, ನಡುವೆ ಎದ್ದು ಹೊರಗೆ ಹೋಗಬಹುದು. ಕುರುಡನಾದ ಬಾರ್ತಿಮಾಯನ ಕೊರತೆ ಎಲ್ಲರ ಕಣ್ಣಿಗೆ ಕಾಣುವಂತಿದ್ದರೂ, ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ ಎಂದು ಯೇಸು ಅವನನ್ನೇ ಕೇಳಿದನು. ಕೇಳದೆ ಕೈಯಿಡುವವರು ಆ ಮಾದರಿಯನ್ನು ಮರೆತಿದ್ದಾರೆಂದೇ ನನ್ನ ಅಭಿಪ್ರಾಯ.

ಇನ್ನು ಕ್ಷಮೆಯ ಮಾತು. ನಿಮ್ಮನ್ನು ಹೆದರಿಸಿರುವುದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿರುವ, ಇತರರನ್ನು ಕ್ಷಮಿಸದವರನ್ನು ದೇವರೂ ಕ್ಷಮಿಸನೆಂಬ ಎಚ್ಚರಿಕೆಯಿರಬೇಕು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎಪ್ಪತ್ತೇಳು ಸಾರಿ ಕ್ಷಮಿಸಬೇಕೆಂಬ ಮಾತನ್ನು ನಿಮ್ಮ ಮುಂದೆ ಓದುವವರು ಅದೇ ಸುವಾರ್ತೆಯ ಹದಿನೆಂಟನೆಯ ಅಧ್ಯಾಯವನ್ನು ಮೊದಲಿನಿಂದ ಓದಲಿ. ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂಬ ಯೇಸುವಿನ ಕಠಿಣ ಮಾತೂ, ತಪ್ಪಿತಸ್ಥನ ತಪ್ಪನ್ನು ಅವನಿಗೆ ತೋರಿಸಿ, ಕೇಳದಿದ್ದರೆ ಸಭೆಯ ಮುಂದೆ ತರಬೇಕೆಂಬ ಆಜ್ಞೆಯೂ ಅಲ್ಲಿಯೇ ಮೊದಲು ಬರುತ್ತವೆ. ಕ್ಷಮೆಯೆಂದರೆ ನಡೆದದ್ದನ್ನು ನಡೆದಿಲ್ಲವೆನ್ನುವುದಲ್ಲ, ದೂರು ಕೊಡದಿರುವುದಲ್ಲ, ಆ ಮನುಷ್ಯನ ಪಕ್ಕದಲ್ಲಿ ಕೂತು ಪ್ರಭುಭೋಜನ ಸ್ವೀಕರಿಸುವುದಂತೂ ಖಂಡಿತ ಅಲ್ಲ. ಸೇಡನ್ನು ದೇವರ ಕೈಗೆ ಬಿಟ್ಟುಕೊಡಲು ನಿಮ್ಮ ಮನಸ್ಸು ಎಂದಾದರೂ ಸಿದ್ಧವಾದರೆ ಅದು ನಿಮ್ಮ ಮತ್ತು ದೇವರ ನಡುವಿನ ಸಂಗತಿ. ಅದಕ್ಕೆ ಗಡುವು ಹಾಕುವ ಅಧಿಕಾರ ಯಾವ ಸಭಾಪಾಲಕರಿಗೂ ಇಲ್ಲ.

ಸಮುವೇಲನ ಎರಡನೆಯ ಪುಸ್ತಕದ ಹದಿಮೂರನೆಯ ಅಧ್ಯಾಯದಲ್ಲಿ ತಾಮಾರಳ ಕಥೆಯಿದೆ. ಮಲಸಹೋದರನಾದ ಅಮ್ನೋನನು ರೋಗದ ನೆಪ ಹೂಡಿ ಅವಳಿಂದ ರೊಟ್ಟಿ ಮಾಡಿಸಿಕೊಂಡು, ಬೇಡವೆಂದು ಅಂಗಲಾಚಿದರೂ ಬಿಡದೆ ಅವಳನ್ನು ಕೆಡಿಸಿದನು. ಅವಳು ತಲೆಗೆ ಬೂದಿ ಹಾಕಿಕೊಂಡು, ಉಟ್ಟ ನಿಲುವಂಗಿ ಹರಿದುಕೊಂಡು, ಗಟ್ಟಿಯಾಗಿ ಅಳುತ್ತಾ ಹೋದಳು. ಸುಮ್ಮನಿರು, ಅವನು ನಿನ್ನ ಅಣ್ಣ, ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಅವಳ ಒಡಹುಟ್ಟಿದ ಅಬ್ಷಾಲೋಮನು ಅವಳ ಬಾಯಿ ಮುಚ್ಚಿಸಿದನು. ತಂದೆಯಾದ ಅರಸ ದಾವೀದನು ಬಹಳ ಕೋಪಗೊಂಡನು, ಆದರೆ ಅಮ್ನೋನನನ್ನು ದಂಡಿಸಿದನೆಂಬ ಮಾತು ಅಲ್ಲಿಲ್ಲ. ನಿಮಗೆ ಇಂದು ಹೇಳುತ್ತಿರುವ ‘ಮರೆತುಬಿಡು’ ಅಬ್ಷಾಲೋಮನ ಮಾತು, ದೇವರ ಮಾತಲ್ಲ. ಮನೆಯವರು ಅಡಗಿಸಿದ ಆ ಅಳಲನ್ನು ಸತ್ಯವೇದ ಅಡಗಿಸಲಿಲ್ಲ. ಇಸ್ರಾಯೇಲಿನ ಅತಿದೊಡ್ಡ ಅರಸನ ಮನೆಯ ಕಳಂಕವೆಂದು ಅದನ್ನು ಮುಚ್ಚಿಡದೆ, ಅವಳ ಮಾತುಗಳ ಸಮೇತ ಬರೆದಿಟ್ಟಿದೆ.

ಪ್ರಾರ್ಥನೆಗೆ ಮಾತು ಹೊರಡದ ದಿನಗಳಲ್ಲಿ ಸತ್ಯವೇದದ ಎಂಬತ್ತೆಂಟನೆಯ ಕೀರ್ತನೆಯನ್ನು ಓದಿ. ಅದು ಸಮಾಧಾನದಲ್ಲಿ ಅಲ್ಲ, ಕತ್ತಲೆಯಲ್ಲಿ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ.

ಕೊನೆಯದಾಗಿ, ಆ ವ್ಯಕ್ತಿಗೆ ಇಂದಿಗೂ ಮಕ್ಕಳ ಒಡನಾಟವಿದ್ದರೆ ಸಭೆಯೊಳಗಿನ ವಿಚಾರಣೆ ಸಾಲದು, ಪೊಲೀಸರಿಗೆ ತಿಳಿಸಬೇಕು. ಆ ಭಾರವನ್ನು ನೀವೊಬ್ಬರೇ ಹೊರಬೇಕಾಗಿಲ್ಲ. ನಿಮ್ಮ ಮಾತನ್ನು ನಂಬುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ವಕೀಲರ ಸಲಹೆಯನ್ನೂ ಪಡೆಯಿರಿ. ಅಲ್ಲಿಯವರೆಗೆ ಬೇರೊಂದು ಸಭೆಯಲ್ಲಿ ಆರಾಧನೆಗೆ ಹೋಗಬೇಕೆನಿಸಿದರೆ ಯಾರ ಅಪ್ಪಣೆಗೂ ಕಾಯದೆ ಹೋಗಿ.