ಡೀಸೆಲ್ ರೈಲಿಗೆ ಗೇರ್ ಬಾಕ್ಸ್ ಇಲ್ಲವೇ?

ಪ್ರಶ್ನೆ: ಸಂಪಾಜೆ ಘಾಟಿ ಹತ್ತುವ ಲಾರಿ ಹೆಜ್ಜೆಹೆಜ್ಜೆಗೂ ಗೇರ್ ಬದಲಿಸುತ್ತದೆ. ಕೊಡಗಿನಲ್ಲಿ ರೈಲಿಲ್ಲ, ಮೈಸೂರಿನಲ್ಲಿ ಕಂಡ ಡೀಸೆಲ್ ಎಂಜಿನ್ ಮಾತ್ರ ಗೇರ್ ಸದ್ದೇ ಇಲ್ಲದೆ ಇಡೀ ರೈಲನ್ನು ಎಳೆಯಿತು. ಹೇಗೆ? ನಿಲ್ದಾಣದಲ್ಲಿ ಅದನ್ನು ಆಫ್ ಮಾಡುವುದಿಲ್ಲವೇಕೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಅಲ್ಲಿ ಡೀಸೆಲ್ ಎಂಜಿನ್ ಗಾಲಿಯನ್ನು ನೇರವಾಗಿ ತಿರುಗಿಸುವುದಿಲ್ಲ. ಕರೆಂಟ್ ಹೋದಾಗ ಕಾಫಿ ತೋಟದಲ್ಲಿ ಓಡಿಸುವ ಜನರೇಟರ್ ಸೆಟ್ಟನ್ನೇ ದೊಡ್ಡದು ಮಾಡಿ ಹಳಿಯ ಮೇಲೆ ಕೂರಿಸಿದಂತೆ ಅದರ ರಚನೆ. ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಆ ವಿದ್ಯುತ್ತು ಅಚ್ಚುಗಳಿಗೆ ಜೋಡಿಸಿದ ಟ್ರಾಕ್ಷನ್ ಮೋಟಾರುಗಳಿಗೆ ಹೋಗುತ್ತದೆ. ಭಾರತದಲ್ಲಿ 1962ರಿಂದ ಓಡಿದ ಡಬ್ಲ್ಯುಡಿಎಂ-2 ಮಾದರಿಯ ಲೋಕೊದಲ್ಲಿ (ರೈಲು ಎಂಜಿನ್ನಿನಲ್ಲಿ) 16 ಸಿಲಿಂಡರ್, 2600 ಅಶ್ವಶಕ್ತಿ, ಆರು ಮೋಟಾರು. ಮೋಟಾರಿನಿಂದ ಅಚ್ಚಿಗೆ 18 ಮತ್ತು 65 ಹಲ್ಲುಗಳ ಒಂದೇ ಜೋಡಿ ಚಕ್ರ, ಬದಲಿಸುವಂಥದ್ದೇನೂ ಇಲ್ಲ.

ಗೇರಿನ ಕೆಲಸವನ್ನು ಮೋಟಾರಿನ ಗುಣವೇ ಮಾಡುತ್ತದೆ. ನಿಂತ ಮೋಟಾರು ಹೆಚ್ಚು ಕರೆಂಟ್ ಎಳೆದುಕೊಂಡು ಗರಿಷ್ಠ ತಿರುಚುಬಲ ಕೊಡುತ್ತದೆ. ವೇಗ ಏರಿದಂತೆ ಅದರೊಳಗೇ ಎದುರು ವೋಲ್ಟೇಜ್ ಹುಟ್ಟಿ ಕರೆಂಟ್ ಇಳಿಯುತ್ತದೆ. ಲೋಕೊ ಪೈಲಟ್ ಏರಿಸುವುದು ಎಂಜಿನ್ ವೇಗದ ಎಂಟು ಹಂತಗಳಾದ ನಾಚ್‌ಗಳನ್ನು ಮಾತ್ರ. ಎಂಜಿನ್ ವೇಗ ನಿಮಿಷಕ್ಕೆ 400 ಸುತ್ತಿನಿಂದ 1000ಕ್ಕೆ ಹೋಗುತ್ತದೆ. ಅಪಾಯವೂ ಇಲ್ಲೇ ಇದೆ. ಏರಿನಲ್ಲಿ ಭಾರ ಹೊತ್ತು ತೆವಳಿದರೆ ಹೆಚ್ಚಿನ ಕರೆಂಟ್ ಬಹಳ ಹೊತ್ತು ಹರಿದು ಸುರುಳಿಯ ಇನ್ಸುಲೇಷನ್ ಸುಡುತ್ತದೆ. ಹಳೆಯ ಡಿಸಿ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆಯುವುದು, ಅದು ಉಜ್ಜುವ ತಾಮ್ರದ ಉಂಗುರದ (ಕಮ್ಯುಟೇಟರ್) ಮೇಲೆ ಕಿಡಿ ಹಾರುವುದು ಬೇರೆ ತಲೆನೋವು. 1999ರಲ್ಲಿ ಬಂದ ಡಬ್ಲ್ಯುಡಿಜಿ-4ರ ಮೂರು ಫೇಸ್ ಎಸಿ ಮೋಟಾರುಗಳಲ್ಲಿ ಬ್ರಷ್ಷೇ ಇಲ್ಲ.

ಇನ್ನು ಆಫ್ ಮಾಡದ ಕಾರಣ. ಡಬ್ಲ್ಯುಡಿಎಂ-2ರಲ್ಲಿ ಬ್ರೇಕಿನ ಗಾಳಿ ತುಂಬುವ ಕಂಪ್ರೆಸರ್ ಎಂಜಿನ್ನಿನ ಬಲದಿಂದಲೇ ಓಡುತ್ತದೆ. ರೈಲಿನುದ್ದಕ್ಕೂ ಇರುವ ಕೊಳವೆಯಲ್ಲಿ ಗಾಳಿಯ ಒತ್ತಡ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ, ಎಂಜಿನ್ ನಿಂತರೆ ಆ ಗಾಳಿ ಸೋರಿ ಬ್ರೇಕ್ ಹಿಡಿದುಬಿಡುತ್ತದೆ, ಹೊರಡುವ ಮುನ್ನ ಪೂರ್ತಿ ಮತ್ತೆ ತುಂಬಬೇಕು. ದೊಡ್ಡ ಎಂಜಿನ್ನನ್ನು ಪದೇ ಪದೇ ಸ್ಟಾರ್ಟ್ ಮಾಡಿದರೆ ಬ್ಯಾಟರಿಗೂ ಪೆಟ್ಟು. ನಿಂತಾಗ ಇಂಧನ ಉಳಿಸಲೆಂದು ಕೆಲವು ಲೋಕೋಗಳಿಗೆ ಪ್ರತ್ಯೇಕ ಚಿಕ್ಕ ಎಂಜಿನ್ ಅಳವಡಿಸಿದ್ದಾರೆ.

ಪ್ರಶ್ನೆ: ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಇಳಿಯುವಾಗ ಬ್ರೇಕ್ ಕಾಯ್ದು ಹಾಳಾಗುವುದಿಲ್ಲವೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಅಲ್ಲಿನ ಇಳಿಜಾರು 50 ಮೀಟರಿಗೆ 1 ಮೀಟರ್, ಗಾಳಿ ಬ್ರೇಕ್ ಒಂದನ್ನೇ ನಂಬಿದರೆ ಖಂಡಿತ ಕಾಯುತ್ತದೆ. ಲಾರಿಯವರು ಸಣ್ಣ ಗೇರಿನಲ್ಲಿ ಇಳಿಯುವಂತೆ ಇಲ್ಲಿ ಡೈನಾಮಿಕ್ ಬ್ರೇಕ್ ಹಾಕುತ್ತಾರೆ. ಅಂದರೆ ಗಾಲಿಗಳೇ ಮೋಟಾರನ್ನು ತಿರುಗಿಸುತ್ತವೆ, ಅದು ಜನರೇಟರ್ ಆಗಿ ವೇಗ ತಡೆಯುತ್ತದೆ. ಹುಟ್ಟಿದ ವಿದ್ಯುತ್ತನ್ನು ಡೀಸೆಲ್ ಲೋಕೊ ಹೀಟರಿನಂತೆ ಕಾಯುವ ರೆಸಿಸ್ಟರ್ ಗ್ರಿಡ್‌ಗಳಲ್ಲಿ ಶಾಖವಾಗಿ ಹೊರಹಾಕುತ್ತದೆ. ಗ್ರಿಡ್ಡನ್ನು ತಣಿಸುವ ಬ್ಲೋವರ್ ಕೆಟ್ಟರೆ ಗ್ರಿಡ್ ಕರಗೀತು. ಡಬ್ಲ್ಯುಎಜಿ-9ರಂಥ ವಿದ್ಯುತ್ ಲೋಕೊ ಆ ವಿದ್ಯುತ್ತನ್ನು ಮೇಲಿನ 25,000 ವೋಲ್ಟ್ ತಂತಿಗೇ ಮರಳಿಸುತ್ತದೆ, ನಮಗೆ ಇದೇ ಮೆಚ್ಚು.

ವೇಗ ತೀರಾ ಇಳಿದಾಗ ಡೈನಾಮಿಕ್ ಬ್ರೇಕಿಗೆ ಬಲ ಸಾಲದು. ಪೂರ್ತಿ ನಿಲ್ಲಿಸುವುದು ಗಾಳಿ ಬ್ರೇಕೇ. ಬ್ರೇಕ್ ಹಾಕಲೂ ಟ್ಯಾಂಕ್ ತುಂಬಲೂ ಒಂದೇ ಗಾಳಿ ಕೊಳವೆ ಇರುವ ಗೂಡ್ಸ್ ರೈಲಿನಲ್ಲಿ ಬ್ರೇಕ್ ಹಾಕಿ ಬಿಟ್ಟು, ವ್ಯಾಗನ್‌ಗಳ ಗಾಳಿ ಟ್ಯಾಂಕ್ ತುಂಬುವ ಮೊದಲೇ ಮತ್ತೆ ಮತ್ತೆ ಹಾಕಿದರೆ, ಪ್ರತಿ ಸಲವೂ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ.